ಭೂತಗಳನ್ನು ಕಾಯ್ದಿಟ್ಟವರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ನನಗಿಂತ ಮೊದಲು ಮಾತನಾಡಿದವರು ಬೇಸಾಯ, ಆರೋಗ್ಯ, ಬ್ಯಾಂಕಿನ ಸಾಲ ಎಂದು ನಾಲ್ಕು ಜನಕ್ಕೆ ಉಪಯೋಗವಾಗುವ ಮಾತು ಹೇಳಿದರು. ನನ್ನ ಹತ್ತಿರ ಬಂದಾಗ ಮಾತ್ರ ಸಮಿತಿಯವರು, "ನಿನ್ನದು ಆ ಭೂತದ ಸಿನಿಮಾದ ಹುಚ್ಚು ಇದೆಯಲ್ಲ, ಅದನ್ನೇ ಹೇಳಿಬಿಡು, ಮಕ್ಕಳು ಎದ್ದು ಹೋಗುವುದಿಲ್ಲ" ಎಂದರು. ಆದ್ದರಿಂದ ಊಟಕ್ಕೆ ಮುಂಚಿನ ಈ ಅರ್ಧ ಗಂಟೆ ಭೂತಗಳಿಗೆ ಮೀಸಲು.

ಹೆದರಿಕೆಯ ವಿದ್ಯೆ ನಮಗೇನೂ ಹೊಸದಲ್ಲ. ಉಣ್ಣದ ಕೂಸಿಗೆ ಗುಮ್ಮನನ್ನು ಕರೆದವರು ನಾವು. ಆಟ ನೋಡುತ್ತ ನಿದ್ದೆ ಹೋದ ಮಗು ನಡುರಾತ್ರಿ ಚೆಂಡೆಯ ಸದ್ದಿಗೆ ಎಚ್ಚೆತ್ತು, ಪಂಜಿನ ಬೆಳಕಿನಲ್ಲಿ ಬಣ್ಣದ ವೇಷ ಅಬ್ಬರಿಸುವುದನ್ನು ಕಂಡು ಅಮ್ಮನ ಸೆರಗಿನೊಳಗೆ ನುಗ್ಗಿದ್ದು ಹಿರಿಯರಿಗೆ ನೆನಪಿದೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ದಿನಾ ಮುಂದಕ್ಕೆ ಹಾಕುತ್ತಿದ್ದ ಕಾಲವನ್ನೂ ಇಲ್ಲಿ ಕುಳಿತ ಅನೇಕರು ಕಂಡಿದ್ದೀರಿ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎನ್ನುವುದು ನಮ್ಮ ಕನ್ನಡ ಮೇಷ್ಟ್ರಿಗೆ ಸಮಾಧಾನದ ಸಂಗತಿ.

ನಾನು ಹೇಳಹೊರಟ ಭೂತಗಳು ಇನ್ನೊಂದು ದೇಶದವು. 1931ನೆಯ ಇಸವಿ. ಅಮೆರಿಕದಲ್ಲಿ ಆರ್ಥಿಕ ಕುಸಿತದ ದಿನಗಳು, ಕೆಲಸವಿಲ್ಲದ ಜನ ಗಂಜಿಗಾಗಿ ಬೀದಿಯಲ್ಲಿ ಸಾಲುಗಟ್ಟಿದ್ದ ಕಾಲ. ಆಗ ಹಾಲಿವುಡ್ಡಿನ ಯೂನಿವರ್ಸಲ್ ಎಂಬ ಕಂಪನಿ ಒಂದೇ ವರ್ಷದಲ್ಲಿ ಎರಡು ಚಿತ್ರ ತೆಗೆಯಿತು. ಫೆಬ್ರವರಿಯಲ್ಲಿ 'ಡ್ರಾಕುಲಾ', ನವೆಂಬರಿನಲ್ಲಿ 'ಫ್ರಾಂಕನ್‌ಸ್ಟೈನ್'. ಒಂದರಲ್ಲಿ ರಕ್ತ ಹೀರುವ ಜಮೀನ್ದಾರ, ಇನ್ನೊಂದರಲ್ಲಿ ಹೆಣಗಳ ತುಂಡು ಜೋಡಿಸಿ ವಿಜ್ಞಾನಿಯೊಬ್ಬ ಎಬ್ಬಿಸಿ ನಿಲ್ಲಿಸಿದ ಮನುಷ್ಯಾಕೃತಿ. ಎರಡೂ ಗೆದ್ದವು. ಮುಂದೆ 1932ರಲ್ಲಿ 'ದಿ ಮಮ್ಮಿ', 1933ರಲ್ಲಿ 'ದಿ ಇನ್ವಿಸಿಬಲ್ ಮ್ಯಾನ್', 1941ರಲ್ಲಿ 'ದಿ ವುಲ್ಫ್ ಮ್ಯಾನ್', ಹೀಗೆ ಒಂದು ಸಂತತಿಯೇ ಬೆಳೆಯಿತು. ಎಲ್ಲದರ ಕಥೆ ಹೇಳುತ್ತ ಹೋದರೆ ಊಟ ಆರುತ್ತದೆ. ಫ್ರಾಂಕನ್‌ಸ್ಟೈನನ ಹತ್ತಿರ ಸ್ವಲ್ಪ ನಿಲ್ಲೋಣ.

ಮೊದಲಿಗೆ ಒಂದು ತಿದ್ದುಪಡಿ. ಫ್ರಾಂಕನ್‌ಸ್ಟೈನ್ ಎಂಬುದು ಭೂತದ ಹೆಸರಲ್ಲ, ಅದನ್ನು ಮಾಡಿದ ವಿಜ್ಞಾನಿಯ ಹೆಸರು. ಭೂತಕ್ಕೆ ಹೆಸರೇ ಇಲ್ಲ. ಮೇರಿ ಶೆಲ್ಲಿ ಎಂಬಾಕೆ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲೂ ಅದಕ್ಕೆ ಹೆಸರಿಲ್ಲ. ಹುಟ್ಟಿಸಿದವನೇ ಮುಖ ನೋಡಿ ಹೇಸಿ ಓಡಿಹೋದ ಮೇಲೆ ನಾಮಕರಣ ಮಾಡುವವರು ಯಾರು? ಸಿನಿಮಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶುರುವಿನಲ್ಲಿ ನಟರ ಹೆಸರು ತೋರಿಸುವಾಗ ಭೂತದ ಪಾತ್ರದ ಎದುರು ನಟನ ಹೆಸರು ಬರೆಯದೆ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಕುತೂಹಲ ಹುಟ್ಟಿಸಲು ಹಾಗೆ ಮಾಡಿದ್ದು ನಿಜ. ಆದರೆ ಆ ಚಿಹ್ನೆಯ ಹಿಂದೆ ಒಬ್ಬ ಮನುಷ್ಯನಿದ್ದ.

ಅವನ ಹೆಸರು ಬೋರಿಸ್ ಕಾರ್ಲೋಫ್. ಅದು ರಂಗದ ಹೆಸರು. ಹುಟ್ಟಿದ್ದು 1887ರಲ್ಲಿ ಲಂಡನ್ನಿನಲ್ಲಿ, ಮನೆಯಲ್ಲಿಟ್ಟ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ನಮ್ಮ ದೇಶದಲ್ಲಿ ಬ್ರಿಟಿಷ್ ಸರ್ಕಾರದ ಉಪ್ಪಿನ ತೆರಿಗೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು; ಮನೆತನದಲ್ಲಿ ಭಾರತದ ರಕ್ತವೂ ಸೇರಿತ್ತು. ಗಾಂಧೀಜಿ ದಂಡಿಗೆ ನಡೆದು ಮುರಿದದ್ದು ಅದೇ ಉಪ್ಪಿನ ಕಾನೂನನ್ನು. ಮಗ ಸರ್ಕಾರಿ ನೌಕರಿ ಬೇಡವೆಂದು ಕೆನಡಾಕ್ಕೆ ಹೋದ, ಅಲ್ಲಿಂದ ಅಮೆರಿಕಕ್ಕೆ ಬಂದ, ಕೂಲಿ ಮಾಡಿದ, ಲಾರಿ ಓಡಿಸಿದ, ಮೂಕಿ ಚಿತ್ರಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತ. ಫ್ರಾಂಕನ್‌ಸ್ಟೈನ್ ತೆರೆಗೆ ಬಂದಾಗ ವಯಸ್ಸು 44 ಮುಟ್ಟಿತ್ತು.

ಆ ಮುಖವನ್ನು ಕಟ್ಟಿದವನು ಜ್ಯಾಕ್ ಪಿಯರ್ಸ್, ಗ್ರೀಸ್ ದೇಶದಿಂದ ವಲಸೆ ಬಂದ ಮೇಕಪ್ ಕಲಾವಿದ. ನಮ್ಮ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತ ಗಂಟೆಗಟ್ಟಲೆ ಕೂರುತ್ತಾರಲ್ಲ, ಹಾಗೆಯೇ ಪಿಯರ್ಸ್ ಹತ್ತಿಯನ್ನೂ ಅಂಟು ದ್ರಾವಣವನ್ನೂ ಪದರ ಪದರವಾಗಿ ಕೂರಿಸಿ ಆ ಚಪ್ಪಟೆ ತಲೆ, ಭಾರದ ಹುಬ್ಬು ಕಟ್ಟುತ್ತಿದ್ದ. ದಿನಕ್ಕೆ ಸುಮಾರು 4 ಗಂಟೆ ಬರೀ ಮುಖಕ್ಕೆ. ಕಾರ್ಲೋಫ್ ತನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದಿಟ್ಟು ಒಂದು ಕೆನ್ನೆ ಗುಳಿಬೀಳುವಂತೆ ಮಾಡಿಕೊಂಡ. ಕಾಲಿಗೆ ಎತ್ತರದ ಅಟ್ಟೆಯ ಭಾರದ ಬೂಟು. ಅಷ್ಟೆಲ್ಲ ಹೊತ್ತ ಮೇಲೆ ನಟನೆಗೆ ಉಳಿದದ್ದು ಎರಡು ಕಣ್ಣು, ಎರಡು ಕೈ. ಆ ಚಿತ್ರದಲ್ಲಿ ಭೂತಕ್ಕೆ ಒಂದು ಮಾತೂ ಇಲ್ಲ.

ಆ ಕೈಗಳನ್ನು ನೋಡಬೇಕು. ಕತ್ತಲಕೋಣೆಯ ಮಾಡಿನ ಕಿಂಡಿ ತೆರೆದಾಗ ಮೇಲಿಂದ ಬೆಳಕು ಬೀಳುತ್ತದೆ. ಹುಟ್ಟಿ ಎಷ್ಟೋ ದಿನಕ್ಕೆ ಮೊದಲ ಸಲ ಬೆಳಕು ಕಂಡ ಆ ಜೀವ ಎದ್ದು ನಿಂತು, ಬೆಳಕನ್ನು ಹಿಡಿಯಲು ಎರಡೂ ಕೈ ಚಾಚುತ್ತದೆ. ತೊಟ್ಟಿಲ ಕೂಸು ಚಂದ್ರನಿಗೆ ಕೈಚಾಚಿದ ಹಾಗೆ. ಅಷ್ಟರಲ್ಲಿ ಕಿಂಡಿ ಮುಚ್ಚುತ್ತಾರೆ.

ಇನ್ನೊಂದು ದೃಶ್ಯ ಕೆರೆ ದಂಡೆಯದು. ತಪ್ಪಿಸಿಕೊಂಡು ಅಲೆಯುತ್ತಿದ್ದ ಭೂತಕ್ಕೆ ಮರಿಯಾ ಎಂಬ ಪುಟ್ಟ ಹುಡುಗಿ ಸಿಗುತ್ತಾಳೆ. ಇಡೀ ಚಿತ್ರದಲ್ಲಿ ಅದನ್ನು ಕಂಡು ಹೆದರದೆ ಪ್ರೀತಿಯಿಂದ ಕರೆದವಳು ಅವಳೊಬ್ಬಳೇ. ಕೈಹಿಡಿದು ಕೂರಿಸಿಕೊಂಡು ಹೂವು ಕೊಡುತ್ತಾಳೆ. ಇಬ್ಬರೂ ಹೂವನ್ನು ನೀರಿಗೆಸೆದು ತೇಲುವುದನ್ನು ನೋಡುತ್ತಾರೆ. ಭೂತ ನಗುತ್ತದೆ. ಹೂವು ಮುಗಿಯುತ್ತದೆ. ಇವಳೂ ಹೂವಿನಂತೆ ತೇಲುತ್ತಾಳೆಂದು ತಿಳಿದು ಅವಳನ್ನೇ ಎತ್ತಿ ನೀರಿಗೆ ಹಾಕಿಬಿಡುತ್ತದೆ. ಅವಳು ಮುಳುಗುತ್ತಾಳೆ, ಭೂತ ದಿಕ್ಕುತಪ್ಪಿ ಕೈಕೈ ಹಿಸುಕುತ್ತ ಓಡುತ್ತದೆ. ಸೆನ್ಸಾರಿನವರು ಇದು ಕ್ರೂರವಾಯಿತೆಂದು ಕತ್ತರಿ ಹಾಕಿದರು. ಕತ್ತರಿ ಬಿದ್ದದ್ದು ಎಲ್ಲಿ ಗೊತ್ತೇ? ಭೂತ ಹುಡುಗಿಯ ಕಡೆಗೆ ಕೈಚಾಚುವ ಹೊತ್ತಿಗೆ ಸರಿಯಾಗಿ. ಮುಂದಿನ ದೃಶ್ಯದಲ್ಲಿ ಅಪ್ಪ ಮಗಳ ಹೆಣ ಹೊತ್ತು ಊರೊಳಗೆ ಬರುತ್ತಾನೆ. ನಡುವೆ ಏನಾಯಿತೆಂಬುದನ್ನು ನೋಡುವವರು ತಮಗೆ ತೋಚಿದಂತೆ, ಇನ್ನೂ ಘೋರವಾಗಿ ಊಹಿಸಿಕೊಂಡರು. ತಿಳಿಯದೆ ಕೈತಪ್ಪಿದವನು ಸುಮಾರು ಐವತ್ತು ವರ್ಷ ಕೊಲೆಗಾರನಾಗಿ ಉಳಿದ. 1980ರ ದಶಕದಲ್ಲಿ ಆ ತುಣುಕನ್ನು ಮತ್ತೆ ಜೋಡಿಸಿದರು. ಕತ್ತರಿಸಿ ತೆಗೆದ ತುಂಡು ಕೂಡ ಎಲ್ಲೋ ಉಳಿದಿತ್ತು, ಅದಕ್ಕೆ ಸಾಧ್ಯವಾಯಿತು. ಈ 'ಎಲ್ಲೋ ಉಳಿದಿತ್ತು' ಎಂಬ ಮಾತನ್ನು ನೆನಪಿನಲ್ಲಿಡಿ, ನನ್ನ ಇವತ್ತಿನ ವಿಷಯ ಅದೇ.

ದೊಡ್ಡವರು ಆ ಭೂತವನ್ನು ಕಂಡು ಚೀರಿದರೆ ಮಕ್ಕಳು ಕಾರ್ಲೋಫನಿಗೆ ಕಾಗದ ಬರೆದರು. ಪಾಪದ ಪ್ರಾಣಿ, ಅದಕ್ಕೆ ಯಾಕೆ ಎಲ್ಲರೂ ಹೀಗೆ ಮಾಡುತ್ತಾರೆ ಎನ್ನುವ ಧಾಟಿಯ ಕಾಗದಗಳು. ಮಕ್ಕಳಿಗೆ ಅದು ಅರ್ಥವಾಗಿತ್ತೆಂದು ಆತ ಕೊನೆಯವರೆಗೂ ಸಂತೋಷದಿಂದ ಹೇಳಿಕೊಳ್ಳುತ್ತಿದ್ದ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡ್ರಾಕುಲಾ ಆದವನು ಬೇಲಾ ಲುಗೋಸಿ, ಹಂಗೇರಿಯಿಂದ ಬಂದ ರಂಗನಟ. ಆ ಪಾತ್ರಕ್ಕೆ ಅವನಿಗೆ ಸಿಕ್ಕಿದ್ದು ವಾರಕ್ಕೆ 500 ಡಾಲರಿನಂತೆ 7 ವಾರಕ್ಕೆ ಒಟ್ಟು 3,500 ಡಾಲರ್. ಆಮೇಲೆ ಬೇರೆ ತರಹದ ಪಾತ್ರ ಯಾರೂ ಕೊಡಲಿಲ್ಲ. ಕಷ್ಟದಲ್ಲಿ ದಿನ ಕಳೆದು 1956ರಲ್ಲಿ ತೀರಿಕೊಂಡ; ಡ್ರಾಕುಲಾನ ಕರಿ ಮೇಲಂಗಿಯನ್ನೇ ಹೊದಿಸಿ ಮಣ್ಣು ಮಾಡಿದರು. ಮುಂದೆ ಅವನ ಮುಖ ಮಕ್ಕಳ ಆಟದ ಸಾಮಾನಿನ ಮೇಲೆಲ್ಲ ಅಚ್ಚಾಗತೊಡಗಿದಾಗ ಹೆಂಡತಿ ಮಕ್ಕಳು ಪಾಲು ಕೇಳಿ ಕೋರ್ಟಿಗೆ ಹೋದರು. 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಸತ್ತವನ ಮುಖದ ಮೇಲಿನ ಹಕ್ಕು ವಾರಸುದಾರರಿಗೆ ಬರುವುದಿಲ್ಲ ಎಂದಿತು. ಕೆಲವೇ ವರ್ಷಗಳಲ್ಲಿ ಆ ರಾಜ್ಯ ಕಾನೂನನ್ನೇ ಬದಲಿಸಿ ವಾರಸುದಾರರಿಗೆ ಹಕ್ಕು ಕೊಟ್ಟಿತು. ಮೇಕಪ್ಪಿನ ಪಿಯರ್ಸನನ್ನು ಕಂಪನಿ 1940ರ ದಶಕದಲ್ಲೇ ಮನೆಗೆ ಕಳಿಸಿತ್ತು. 1968ರಲ್ಲಿ ಅವನು ಸತ್ತಾಗ ಅವನು ಕಟ್ಟಿದ ಮುಖ ಲೋಕಕ್ಕೆಲ್ಲ ಗೊತ್ತಿತ್ತು, ಅವನ ಹೆಸರು ಬಲ್ಲವರು ಕೆಲವೇ ಜನ.

ಈಗ ಉಳಿವಿನ ವಿಷಯಕ್ಕೆ ಬರುತ್ತೇನೆ. ಆಗಿನ ಸಿನಿಮಾ ರೀಲು ನೈಟ್ರೇಟ್ ಎಂಬ ವಸ್ತುವಿನದು, ಸೀಮೆಎಣ್ಣೆಗಿಂತ ಬೇಗ ಹತ್ತಿಕೊಳ್ಳುವಂಥದ್ದು. ಓಡಿ ಮುಗಿದ ಚಿತ್ರವನ್ನು ಕಾಯ್ದಿಡುವುದು ಖರ್ಚಿನ ಬಾಬತ್ತು. ರೀಲಿನಲ್ಲಿರುವ ಬೆಳ್ಳಿಗಾಗಿ ಕರಗಿಸಿದರೆ ನಾಲ್ಕು ಕಾಸಾದರೂ ಬರುತ್ತದೆ. ಯೂನಿವರ್ಸಲ್ ಕಂಪನಿಯೇ 1948ರಲ್ಲಿ ತನ್ನ ಬಳಿ ಉಳಿದಿದ್ದ ಮೂಕಿ ಚಿತ್ರಗಳನ್ನು ನಾಶ ಮಾಡಿತು. ಮಾಡಿದವರಿಗೇ ಬೇಡವಾದ ಮೇಲೆ ಉಳಿಸಿದವರು ಯಾರು?

ಜರ್ಮನಿಯಲ್ಲಿ 1922ರಲ್ಲಿ 'ನೊಸ್ಫೆರಾಟು' ಎಂಬ ಚಿತ್ರ ಬಂತು. ಡ್ರಾಕುಲಾ ಕಾದಂಬರಿಯನ್ನು ಅನುಮತಿ ಕೇಳದೆ ಎತ್ತಿಕೊಂಡು, ಹೆಸರು ಬದಲಿಸಿ ಮಾಡಿದ್ದು. ಕಾದಂಬರಿಕಾರ ಬ್ರಾಮ್ ಸ್ಟೋಕರನ ವಿಧವೆ ದಾವೆ ಹೂಡಿ ಗೆದ್ದರು. ಎಲ್ಲ ಪ್ರತಿಗಳನ್ನೂ ಸುಟ್ಟುಹಾಕಿ ಎಂದು ಕೋರ್ಟು ಆಜ್ಞೆ ಮಾಡಿತು. ನ್ಯಾಯ ಆಕೆಯ ಕಡೆಗೇ ಇತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟರಲ್ಲಿ ಬೇರೆ ದೇಶಗಳಿಗೆ ಹೋಗಿದ್ದ ಕೆಲವು ಪ್ರತಿಗಳು ಉಳಿದುಕೊಂಡವು. ಇವತ್ತು ಅದು ಜಗತ್ತಿನ ದೊಡ್ಡ ಚಿತ್ರಗಳ ಸಾಲಿನಲ್ಲಿದೆ.

1910ರಲ್ಲಿ ಎಡಿಸನ್ ಕಂಪನಿ, ಹೌದು, ನಮ್ಮ ವಿಜ್ಞಾನ ಪಾಠದ ಬಲ್ಬಿನ ಎಡಿಸನ್ನೇ, ಫ್ರಾಂಕನ್‌ಸ್ಟೈನ್ ಕಥೆಯ ಮೊದಲ ಚಿತ್ರ ತೆಗೆದಿತ್ತು. ಕಾಲು ಗಂಟೆಯದು. ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 1970ರ ದಶಕದಲ್ಲಿ ನೋಡಿದರೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಳೆಯ ರೀಲು ಕೂಡಿಹಾಕುವ ಹುಚ್ಚಿನ ಒಬ್ಬ ಮನುಷ್ಯನ ಹತ್ತಿರ ಅದರ ಪ್ರತಿ ಇತ್ತು. 1931ರ ಡ್ರಾಕುಲಾಕ್ಕೂ ಒಂದು ಜೋಡಿ ಇದೆ. ಇಂಗ್ಲಿಷಿನವರು ಹಗಲು ಚಿತ್ರೀಕರಣ ಮುಗಿಸಿ ಹೋದ ಮೇಲೆ, ಅದೇ ಸೆಟ್ಟಿನಲ್ಲಿ ಇನ್ನೊಂದು ತಂಡ ರಾತ್ರಿಯಿಡೀ ಕೂತು ಸ್ಪ್ಯಾನಿಷ್ ಭಾಷೆಯಲ್ಲಿ ಅದೇ ಕಥೆ ತೆಗೆಯುತ್ತಿತ್ತು. ಆ ಚಿತ್ರವೂ ಕಳೆದು, ಸಿಕ್ಕಿ, ಸಿಕ್ಕಿದ ಪ್ರತಿಯಲ್ಲಿ ಒಂದು ರೀಲು ಹಾಳಾಗಿ, ಆ ರೀಲನ್ನು ಕೊನೆಗೆ ಕ್ಯೂಬಾದ ಸಿನಿಮಾ ಸಂಗ್ರಹದಿಂದ ತಂದು ಸೇರಿಸಿದರು. ಕ್ಯಾಮೆರಾ ಓಡಾಟದಲ್ಲಿ ರಾತ್ರಿಯವರದೇ ಮೇಲು ಎನ್ನುವವರಿದ್ದಾರೆ. ನನ್ನ ಓಟೂ ರಾತ್ರಿಯವರಿಗೆ.

ಎಲ್ಲವೂ ಹೀಗೆ ಸಿಕ್ಕಲಿಲ್ಲ. ಲಾನ್ ಚೇನಿ ಎಂಬ ಮಹಾನಟನಿದ್ದ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಕೈ ಮತ್ತು ಮುಖದಲ್ಲೇ ಮಾತಾಡುವುದನ್ನು ಅವನು ಮನೆಯಲ್ಲೇ ಕಲಿತ. ಅವನ 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್' ಚಿತ್ರದ ಕೊನೆಯ ಪ್ರತಿ 1965ರಲ್ಲಿ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಹೋಯಿತು. ಉಳಿದಿರುವುದು ಫೋಟೋಗಳು, ಒಂದಿಷ್ಟು ಕಾಗದ ಪತ್ರ. ಅದರ ಒಂದು ಗೋಡೆ ಪೋಸ್ಟರ್ 2014ರಲ್ಲಿ 4,78,000 ಡಾಲರಿಗೆ ಹರಾಜಾಯಿತು. ಚಿತ್ರವೇ ಇಲ್ಲದ ಚಿತ್ರದ ಪೋಸ್ಟರಿಗೆ!

ಇಷ್ಟು ಬೆಲೆ ಬರಲು ಕಾರಣವಾದವರು ಮಕ್ಕಳು. 1957ರಲ್ಲಿ ಅಮೆರಿಕದ ಟೀವಿ ಕೇಂದ್ರಗಳಿಗೆ ಯೂನಿವರ್ಸಲ್ಲಿನ 52 ಹಳೆಯ ಚಿತ್ರಗಳನ್ನು 'ಶಾಕ್' ಎಂಬ ಹೆಸರಿನಲ್ಲಿ ಒಂದು ಕಟ್ಟಾಗಿ ಮಾರಿದರು. ಅಪ್ಪಂದಿರು ಟೆಂಟಿನಲ್ಲಿ ನೋಡಿ ಮರೆತ ಚಿತ್ರವನ್ನು ಮಕ್ಕಳು ನಡುಮನೆಯಲ್ಲಿ ಹೊದಿಕೆಯೊಳಗಿಂದ ಇಣುಕಿ ನೋಡಿದ ಹಾಗಾಯಿತು ಅನ್ನಿ. ಟೆಂಟು ನಮ್ಮದು, ಅವರದು ಥಿಯೇಟರು. ಮರುವರ್ಷ, 1958ರಲ್ಲಿ, 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್' ಎಂಬ ಪತ್ರಿಕೆ ಬಂತು, ಬೆಲೆ 35 ಸೆಂಟು. ಒಂದೇ ಸಂಚಿಕೆ ತಂದು ನಿಲ್ಲಿಸುವ ಯೋಚನೆಯಿತ್ತು. ಬೇಡಿಕೆ ನೋಡಿ ಮುಂದುವರಿಸಿದರು. ಅದನ್ನೋದಿ ಬೆಳೆದ ಹುಡುಗರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್, ಸ್ಟೀಫನ್ ಕಿಂಗ್ ಇದ್ದಾರೆ. 1961ರ ಸುಮಾರಿಗೆ ಅರೋರಾ ಎಂಬ ಕಂಪನಿ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ ಮಾರಿತು. ಮನೆಯಲ್ಲಿ ಅಂಟು ಹಚ್ಚಿ ಜೋಡಿಸಿ, ಬಣ್ಣ ಬಳಿದು, ನಿಮ್ಮ ಫ್ರಾಂಕನ್‌ಸ್ಟೈನ್ ಭೂತವನ್ನು ನೀವೇ ಎಬ್ಬಿಸಿ ನಿಲ್ಲಿಸುವುದು. ಕಥೆಯ ವಿಜ್ಞಾನಿ ಮಾಡಿದ್ದೂ ಅದನ್ನೇ ಅಲ್ಲವೇ! ಆದರೆ ಹುಡುಗರು ತಾವು ಮಾಡಿದ್ದನ್ನು ಕಂಡು ಓಡಿಹೋಗಲಿಲ್ಲ, ತಲೆದೆಸೆಯಲ್ಲಿಟ್ಟು ಮಲಗಿದರು.

ಆ ಪತ್ರಿಕೆಯ ಸಂಪಾದಕ ಫಾರೆಸ್ಟ್ ಅಕರ್‌ಮನ್. ಪುಸ್ತಕ, ಮುಖವಾಡ, ಪೋಸ್ಟರು, ಸಿನಿಮಾದಲ್ಲಿ ಬಳಸಿದ ಸಾಮಾನು ಎಂದು ಲಾಸ್ ಏಂಜಲೀಸ್‌ನ ಮನೆ ತುಂಬ ತುಂಬಿಕೊಂಡಿದ್ದ. ಶನಿವಾರ ಯಾರು ಬೇಕಾದರೂ ಬಂದು ನೋಡಬಹುದಿತ್ತು, ಟಿಕೆಟ್ಟಿಲ್ಲ. ನನಗೆ ಅಕರ್‌ಮನ್ ಮೇಲೆ ಗೌರವ ಇರುವುದು ಆ ತೆರೆದ ಬಾಗಿಲಿಗಾಗಿ. ಆದರೆ ಆ ಸಂಗ್ರಹಕ್ಕೆ ಸಾರ್ವಜನಿಕ ನೆಲೆಯೊಂದು ಸಿಗಲಿಲ್ಲ. ಕೊನೆಗಾಲದಲ್ಲಿ ಕೋರ್ಟು, ಆಸ್ಪತ್ರೆ ಖರ್ಚಿಗೆಂದು ಹೆಚ್ಚಿನದನ್ನು ಮಾರಬೇಕಾಯಿತು. 2008ರಲ್ಲಿ ಆತ ತೀರಿಕೊಂಡ ಮೇಲೆ ಉಳಿದದ್ದೂ ಹರಾಜಿನಲ್ಲಿ ಚದುರಿತು.

ಪೋಸ್ಟರಿನ ಕಥೆ ಇನ್ನೂ ವಿಚಿತ್ರ. ವಾರ ಕಳೆದರೆ ಅದರ ಮೇಲೆ ಇನ್ನೊಂದನ್ನು ಅಂಟಿಸುವ ಕಾಗದ ಅದು. ನಮ್ಮಲ್ಲಿಯೂ ಹಾಗೆಯೇ; ಮೈದಾಹಿಟ್ಟಿನ ಅಂಟಿನ ರುಚಿಗೆ ದನ ಅದನ್ನು ಕಿತ್ತು ತಿನ್ನುತ್ತಿತ್ತು, ಆದ್ದರಿಂದ ನಮ್ಮ ಊರಿನ ಸಿನಿಮಾ ಇತಿಹಾಸ ಬಹಳಷ್ಟು ದನದ ಹೊಟ್ಟೆ ಸೇರಿದೆ. ಪೆನ್ಸಿಲ್ವೇನಿಯಾದ ಬರ್ವಿಕ್ ಎಂಬ ಸಣ್ಣ ಊರಿನ ಮನೆಯೊಂದರ ಅಟ್ಟದಲ್ಲಿ ಒಂದಕ್ಕೊಂದು ಅಂಟಿಕೊಂಡ 1930ರ ಕಾಲದ 33 ಪೋಸ್ಟರುಗಳ ಗಂಟು ಸಿಕ್ಕಿತು. ನಾಜೂಕಾಗಿ ಬಿಡಿಸಿ 2012ರಲ್ಲಿ ಹರಾಜಿಗಿಟ್ಟಾಗ 5 ಲಕ್ಷ ಡಾಲರ್ ಮೀರಿತು. ಅದರಲ್ಲಿ ಡ್ರಾಕುಲಾ ಕೂಡ ಇತ್ತು. 2017ರಲ್ಲಿ ಡ್ರಾಕುಲಾದ ಇನ್ನೊಂದು ಪೋಸ್ಟರ್ ಒಂದೇ 5,25,800 ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ನಮ್ಮ 3 ಕೋಟಿ ರೂಪಾಯಿಗೂ ಮೇಲೆ. ಲುಗೋಸಿಗೆ ಸಿಕ್ಕಿದ ಸಂಬಳ ನಿಮಗೆ ನೆನಪಿರಬಹುದು. ಅದರ 150 ಪಟ್ಟು. ಇಂಥ ಹರಾಜಿನ ಸುದ್ದಿ ಓದಿದಾಗಲೆಲ್ಲ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಆ ಕಾಗದವನ್ನು ಕಾಪಾಡಿದ್ದು ದುಡ್ಡಲ್ಲ. ಬೆಲೆ ಬರುವ ಎಷ್ಟೋ ಮುಂಚೆ ಯಾರೋ ಮನಸ್ಸು ಬಾರದೆ ಎತ್ತಿಟ್ಟಿದ್ದರು.

ನಮ್ಮ ಕಡೆಗೆ ಬರೋಣ. ಕನ್ನಡದ ಭೂತದ ಚಿತ್ರ ಎಂದರೆ ನನ್ನ ವಯಸ್ಸಿನವರಿಗೆ 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್, ಲಕ್ಷ್ಮಿ ಅಭಿನಯದ್ದು. ಅದು ಈಗಲೂ ನೋಡಲು ಸಿಗುತ್ತದೆ. ಆದರೆ ಇನ್ನೂ ಹಿಂದಕ್ಕೆ ಹೋಗಿ. ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನ', ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ನಿರ್ದೇಶಕರು ವೈ. ವಿ. ರಾವ್. ಕಥೆ ಇಂದ್ರಜಿತುವಿನ ಹೆಂಡತಿಯದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಗಮನಿಸಿ, ಕನ್ನಡ ಸಿನಿಮಾ ಮೊದಲು ಬಾಯಿ ತೆರೆದದ್ದು ರಾಕ್ಷಸರ ಮನೆಯ ದುಃಖ ಹೇಳಲು. ಕಾರ್ಲೋಫನ ಭೂತಕ್ಕಿಂತ ಎರಡೂಕಾಲು ವರ್ಷ ಮಾತ್ರ ಚಿಕ್ಕ ಚಿತ್ರ. ಅದರ ಒಂದು ಪ್ರತಿಯೂ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಹೇಗೆ ಮಾತಾಡಿದ, ಸುಲೋಚನೆ ಹೇಗೆ ಅತ್ತಳು ಎಂಬುದನ್ನು ಕೇಳಿದವರು ಈಗಿಲ್ಲ, ಕೇಳಿಸಿಕೊಳ್ಳುವ ದಾರಿಯೂ ನಮಗಿಲ್ಲ.

ವಿಸ್ಕಾನ್ಸಿನ್ನಿನ ಆ ಹುಚ್ಚು ಮನುಷ್ಯನಂಥವನೊಬ್ಬ ನಮ್ಮ ಕಡೆಯೂ ಇದ್ದಿರಬಹುದೇ, ಯಾವುದಾದರೂ ಹಳೆಯ ಟೂರಿಂಗ್ ಟಾಕೀಸಿನವರ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಡಬ್ಬ ಇದ್ದೀತೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಕ್ಯೂಬಾದಲ್ಲಿ ಸಿಕ್ಕ ರೀಲು ಈ ಆಸೆಯನ್ನು ಸಾಯಗೊಡುವುದಿಲ್ಲ.

ಪಕ್ಕದ ಎಂಟನೇ ತರಗತಿ ಕೋಣೆಯಲ್ಲಿ ಸಮಿತಿಯವರು ಹಳೆಯ ವಸ್ತುಗಳ ಪ್ರದರ್ಶನ ಇಟ್ಟಿದ್ದಾರೆ. ಬೆಳಿಗ್ಗೆ ನೋಡಿ ಬಂದೆ. ಗುಂಪು ಫೋಟೋಗಳಿವೆ, ಹಳೆಯ ಶಾಲಾ ಗಂಟೆ ಇದೆ, ಬಹುಮಾನದ ಪುಸ್ತಕಗಳಿವೆ. ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಯಾರೋ ರಟ್ಟಿನಲ್ಲಿ ಮಾಡಿದ ಹತ್ತು ತಲೆಯಲ್ಲಿ ಆರು ತಲೆ ಉಳಿದಿರುವ ರಾವಣನ ಕಿರೀಟವೂ ಇದೆ. ಇಲಿ ಕಡಿದ ಭಾಗಕ್ಕೆ ದಯವಿಟ್ಟು ಹೊಸ ಬಣ್ಣ ಬಳಿಯಬೇಡಿ, ಹಾಗೇ ಇರಲಿ. ಟೂರಿಂಗ್ ಟಾಕೀಸಿನ ಕರಪತ್ರ, ಸಿನಿಮಾ ಹಾಡಿನ ಪುಸ್ತಕ, ಟಿಕೆಟ್ಟಿನ ಅರ್ಧ ಚೂರು, ಇವು ಮಾತ್ರ ಒಂದೂ ಕಾಣಲಿಲ್ಲ. ಯಾರ ಮನೆಯ ಟ್ರಂಕಿನ ತಳದಲ್ಲಿ ಹಾಸಿದ ಕಾಗದವಾಗಿಯಾದರೂ ಇದ್ದರೆ ನಾಳೆ ಸಂಜೆಯೊಳಗೆ ತಂದು ಚಿತ್ರಕಲಾ ಮೇಷ್ಟ್ರ ಕೈಗೆ ಕೊಡಿ. ಅವರು ಫೋಟೋ ತೆಗೆದುಕೊಂಡು ಮೂಲ ನಿಮಗೇ ಹಿಂದಿರುಗಿಸುತ್ತಾರೆ. ಕಿರೀಟದ ಉಳಿದ ನಾಲ್ಕು ತಲೆ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ತನ್ನಿ.

ಅಡುಗೆಯವರು ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು.